ಇನ್ನೊಮ್ಮೆ ಕೇಳುವುದು

ವಿಮಾನಪುರದ ನಿವಾಸಿಯೊಬ್ಬನು ಸಂಗೀತದ ವಿಷಯವಾಗಿ ಲೇಖನಿ ಹಿಡಿದನೆಂದರೆ ಬಸವನಗುಡಿ, ಮಲ್ಲೇಶ್ವರಗಳ ರಸಿಕರು ತುಟಿಯಂಚಿನಲ್ಲಿ ನಗುವುದು ಸಹಜವೇ ಸರಿ. ಬೆಳಗಿನ ಭೂಪಾಳಕ್ಕೆ ಬದಲಾಗಿ ಕಾರ್ಖಾನೆಯ ಸೈರನ್ನನ್ನೂ, ಸಂಜೆಯ ಕಲ್ಯಾಣಿಗೆ ಬದಲಾಗಿ ನೆಲಬಿಟ್ಟು ಮೇಲೇಳುವ ಜೆಟ್ಟಿನ ಆರ್ಭಟವನ್ನೂ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ ಜನವೆಂದು ನಮ್ಮ ವಿಷಯದಲ್ಲಿ ಅವರಿಗೊಂದು ಅಭಿಪ್ರಾಯವುಂಟು. ಅದು ಪೂರ್ತಿಯಾಗಿ ಅನ್ಯಾಯದ ಅಭಿಪ್ರಾಯವೂ ಅಲ್ಲ. ಆದರೆ ನಮ್ಮ ಪರವಾಗಿ ಹೇಳಬಹುದಾದ ಮಾತೂ ಒಂದಿದೆ. ಇಲ್ಲಿನ ವಿಮಾನ ಕಾರ್ಖಾನೆಯ ಎಂಜಿನ್ ವಿಭಾಗವು 1957ರಲ್ಲಿ ಕಣ್ದೆರೆದಾಗ ಅದು ಕೈಹಚ್ಚಿದ ಜೆಟ್ ಎಂಜಿನ್ನಿನ ಹೆಸರು ಆರ್ಫಿಯಸ್. ತನ್ನ ತಂತಿವಾದ್ಯದ ನಾದದಿಂದ ಕ್ರೂರಮೃಗಗಳನ್ನೂ ಕಲ್ಲುಮರಗಳನ್ನೂ ಕರಗಿಸಿದನೆಂದು ಗ್ರೀಕರ ಪುರಾಣವು ಯಾವನನ್ನು ಕೊಂಡಾಡುತ್ತದೆಯೋ ಆ ಗಾಯಕನೇ ಈ ಆರ್ಫಿಯಸ್. ತಮ್ಮ ಯಂತ್ರಗಳಿಗೆ ಗ್ರೀಕ್ ಪುರಾಣದಿಂದ ಹೆಸರನ್ನು ಆರಿಸುವ ಪದ್ಧತಿ ಆ ಎಂಜಿನ್ನನ್ನು ರೂಪಿಸಿದ ಬ್ರಿಸ್ಟಲ್ ಕಂಪನಿಯವರಲ್ಲಿತ್ತು. ಅಷ್ಟೊಂದು ಗದ್ದಲ ಮಾಡುವ ಒಂದು ವಸ್ತುವಿಗೆ ಆ ಹೆಸರನ್ನೇ ಇಟ್ಟ ಅವರ ವಿನೋದಬುದ್ಧಿಯನ್ನು ಮೆಚ್ಚಬೇಕು. ಹೀಗಾಗಿ ಗಾಂಧರ್ವದ ದೇವತೆಯೊಬ್ಬನು ನಮ್ಮ ಊರಿನಲ್ಲಿ ಹಗಲಿರುಳೂ ಕಂಠವೆತ್ತಿ ಹಾಡಿದ್ದಾನೆ. ಅವನ ಹಾಡಿಗೆ ಕಿವಿಗೊಟ್ಟು ಸಂಬಳ ಎಣಿಸಿಕೊಂಡವರ ಪೈಕಿ ನಾನೂ ಒಬ್ಬ.

ಎಂಜಿನ್ನಿನ ಪರೀಕ್ಷೆಯೆಂದರೆ ಮುಖ್ಯವಾಗಿ ಮಾಪಕಗಳ ಮುಳ್ಳುಗಳನ್ನು ನೋಡುವ ಕೆಲಸ; ಆದರೂ ಹಳೆಯ ಫೋರ್‌ಮನ್ನರು ಮುಳ್ಳಿಗಿಂತ ಕಿವಿಯನ್ನು ಹೆಚ್ಚು ನೆಚ್ಚುತ್ತಿದ್ದರು. ಮೊದಲ ಓಟದಲ್ಲಿ ಕೇಳಿಸುವುದು ಸದ್ದು ಮಾತ್ರ, ಗೋಡೆಯಂತೆ ನಿಂತ ಒಂದೇ ಸದ್ದು. "ಇನ್ನೊಂದ್ಸಲ ಓಡ್ಸಿ ನೋಡೋಣ" ಎಂದು ಅವರು ಹೇಳಿ ಕಣ್ಣು ಮುಚ್ಚಿ ನಿಂತರೆ, ಆ ಎರಡನೆಯ ಓಟದಲ್ಲಿ ಗೋಡೆಯು ಬಿರಿದು ಒಳಗಿನ ಒಂದೊಂದು ಸ್ವರವೂ ಬೇರೆಬೇರೆಯಾಗಿ ಹೊರಬರುತ್ತಿದ್ದಿತು. ಬೇರಿಂಗೊಂದು ಸಣ್ಣಗೆ ನರಳುತ್ತಿದ್ದರೆ ಅದೂ ಆಗಲೇ ತಿಳಿಯುತ್ತಿದ್ದಿತು. ಮುಂದೆ ನಾನು ಬರೆಯಲಿರುವುದೆಲ್ಲ ಈ ಇನ್ನೊಂದು ಸಲದ ಮಹಿಮೆಯ ವಿಷಯವೇ ಆದ್ದರಿಂದ ಈ ಪೀಠಿಕೆಯನ್ನು ಓದುಗರು ಮನ್ನಿಸಬೇಕು.

ಪಾಶ್ಚಾತ್ಯ ಸಂಗೀತವು ಬೆಂಗಳೂರಿಗೆ ಹೊಸದೇನೂ ಅಲ್ಲ. ನಗರಕ್ಕೆ ಹೊಸದು, ದಂಡಿಗೆ ಹಳೆಯದು. 1947ರಲ್ಲಿ ದಂಡುಪ್ರದೇಶವು ಮೈಸೂರಿಗೆ ಮರಳುವವರೆಗೆ ಈ ಎರಡು ಊರುಗಳು ಒಂದೇ ಹೆಸರನ್ನು ಹೊತ್ತುಕೊಂಡು ಬೆನ್ನಿಗೆ ಬೆನ್ನು ಹಚ್ಚಿ ಬದುಕಿದುವಷ್ಟೆ. ಅತ್ತ ಚಾಮರಾಜಪೇಟೆಯಲ್ಲಿ ಪಲ್ಲವಿ ವಿಸ್ತಾರವಾಗುತ್ತಿರುವಾಗ ಇತ್ತ ಪಲ್ಟನ್ನುಗಳ ಬ್ಯಾಂಡು, ಇಗರ್ಜಿಗಳ ಆರ್ಗನ್ನು, ಫ್ರೇಜರ್ ಟೌನು ಕುಕ್ ಟೌನುಗಳ ಹೆಂಚಿನ ಮನೆಗಳಲ್ಲಿ ಮಕ್ಕಳು ಟ್ರಿನಿಟಿ ಪರೀಕ್ಷೆಗೆಂದು ತಟ್ಟುವ ಪಿಯಾನೋ. ಈ ಎರಡರ ನಡುವೆ ಹೋಗಿಬರುವ ಹಾದಿಯೊಂದು ಇರಲಿಲ್ಲವೆಂದಲ್ಲ, ನಡೆಯುವವರು ವಿರಳವಾಗಿದ್ದರು. ನನ್ನಂಥವನಿಗೆ ಆ ಹಾದಿಯನ್ನು ತೋರಿಸಿದ್ದು ಸೋವಿಯತ್ ದೇಶದ ಅಗ್ಗದ ಗ್ರಾಮಫೋನ್ ತಟ್ಟೆಗಳು. ಟಾಲ್‌ಸ್ಟಾಯ್, ಚೆಕಾಫ್‌ರ ದಪ್ಪ ಸಂಪುಟಗಳು ತರಕಾರಿಯ ಬೆಲೆಗೆ ದೊರಕುತ್ತಿದ್ದ ಆ ಕಾಲದಲ್ಲಿ ಮೆಲೋದಿಯಾ ಸಂಸ್ಥೆಯ ತಟ್ಟೆಗಳೂ ಅವುಗಳ ಬೆನ್ನಿಗೇ ಬಂದವು. ಚೈಕೋವ್‌ಸ್ಕಿಯನ್ನು ಅವುಗಳಿಂದಲೇ ಕೇಳಿದೆ, ರಾಖ್ಮಾನಿನೋವನನ್ನು ಅವುಗಳಿಂದಲೇ ಪ್ರೀತಿಸಿದೆ. ಇವರಿಬ್ಬರನ್ನು ಪ್ರೀತಿಸುವುದಕ್ಕೆ ಯಾವ ಸಿದ್ಧತೆಯೂ ಬೇಕಾಗಿಲ್ಲ. ಅವರು ಮೊದಲ ಹತ್ತು ನಿಮಿಷಗಳಲ್ಲಿಯೇ ಕೈಹಿಡಿದು ಒಳಗೆ ಕರೆದೊಯ್ಯುವವರು; ಅದೇ ಅವರ ದೊಡ್ಡತನ, ಅವರ ಮಗ್ಗುಲಲ್ಲಿದ್ದವರ ದುರ್ದೈವವೂ ಅದೇ.

ಶಿವಾಜಿನಗರದ ಗುಜರಿ ಅಂಗಡಿಗಳ ಸಾಲಿನಲ್ಲಿ ಮೋಟಾರು ಬಿಡಿಭಾಗಗಳ ನಡುವೆ ಹಳೆಯ ತಟ್ಟೆಗಳನ್ನು ಮಾರುತ್ತಿದ್ದ ವೃದ್ಧ ಸಾಹೇಬರೊಬ್ಬರಿದ್ದರು. ಹಿಂದೀ ಚಿತ್ರಗೀತೆಯ ತಟ್ಟೆಗಳನ್ನು ಬಟ್ಟೆಯಿಂದ ಒರಸಿ ಮುಂದಿನ ಸಾಲಿನಲ್ಲಿ ಜೋಡಿಸುತ್ತಿದ್ದ ಅವರು, ಗಾಯನವಿಲ್ಲದ ತಟ್ಟೆಗಳನ್ನು ಒಂದು ಹಳೆಯ ಟೈರಿನ ಒಳಗೆ ನಿಲ್ಲಿಸಿರುತ್ತಿದ್ದರು. ಅಲ್ಲಿಂದ ನಾನು ರಷ್ಯನ್ ಲಿಪಿಯ ಒಂದನ್ನು ಎಳೆದು ತೆಗೆದಾಗ ಅವರು ಪ್ರಾಮಾಣಿಕವಾಗಿಯೇ ಎಚ್ಚರಿಸಿದರು: "ಇದ್ರಲ್ಲಿ ಹಾಡಿಲ್ಲ ಸಾರ್, ಬರೀ ಬಾಜಾ. ಯಾರೂ ಕೇಳಲ್ಲ. ನೀವೇ ತಗೊಂಡೋಗಿ, ಏನಾದ್ರೂ ಕೊಡಿ." ಕಾರ್ಖಾನೆಯಲ್ಲಿ ರಷ್ಯನ್ ಭಾಷೆಯನ್ನು ಸ್ವಲ್ಪ ಕಲಿತಿದ್ದ ಸಹೋದ್ಯೋಗಿಯೊಬ್ಬರು ಹೊದಿಕೆಯನ್ನು ಅಕ್ಷರಾಕ್ಷರವಾಗಿ ಓದಿ ಹೇಳಿದರು: ನುಡಿಸಿದಾತ ಎಮಿಲ್ ಗಿಲೆಲ್ಸ್, ಕೃತಿ ಸ್ಮರಣೆಯ ಸೊನಾಟಾ, ರಚಿಸಿದಾತ ನಿಕೊಲಾಯ್ ಮೆಟ್ನರ್. ಗಿಲೆಲ್ಸನ ಕೀರ್ತಿ ತಿಳಿದಿದ್ದಿತು. ಮೂರನೆಯ ಹೆಸರು ನಮ್ಮಿಬ್ಬರಿಗೂ ಅಪರಿಚಿತ.

ಈ ಕೃತಿಯ ಆರಂಭವನ್ನು ಸ್ವಲ್ಪ ನಿಧಾನವಾಗಿ ವಿವರಿಸಬೇಕು. ಮೊದಲಿಗೆ ಬರುವುದು ಸಮನಡೆಯ ಸ್ವರಗಳ ಒಂದು ಸಣ್ಣ ಸಾಲು. ಮೇಲೇರಿ ಇಳಿಯುತ್ತದೆ, ಮತ್ತೆ ಏರಿ ಮತ್ತೆ ಇಳಿಯುತ್ತದೆ. ಅದರಲ್ಲಿ ಯಾವ ಉದ್ವೇಗವೂ ಇಲ್ಲ, ಯಾರನ್ನೂ ಕುರಿತು ಹೇಳುತ್ತಿರುವ ಭಾವವೂ ಇಲ್ಲ. ಕೋಣೆಯಲ್ಲಿ ಒಬ್ಬನೇ ಕುಳಿತಾತನು ತನ್ನ ಪಾಡಿಗೆ ತಾನು ಬೆರಳಾಡಿಸಿದಂತೆ ಅದು ಸಾಗುತ್ತದೆ. ಆಮೇಲೆ ಕೃತಿಯ ನಿಜವಾದ ಪ್ರಸಂಗಗಳು ಮೊದಲಾಗುತ್ತವೆ: ಒಂದು ರಾಗಭಾವ, ಅದಕ್ಕೆ ಎದುರಾದ ಇನ್ನೊಂದು, ಅವೆರಡರ ಸಂವಾದ, ಕಲಹ, ಶ್ರುತಿಯಿಂದ ಶ್ರುತಿಗೆ ವಲಸೆ. ಇಷ್ಟೆಲ್ಲ ಆಗಿ ಕೇಳುವವನು ಆರಂಭದ ಆ ಸಾಲನ್ನು ಪೂರ್ತಿಯಾಗಿ ಮರೆತಿರುವಾಗ, ಎಲ್ಲವೂ ಅಡಗಿ, ಅದೇ ಸಾಲು ಒಂದು ಸ್ವರವೂ ಬದಲಾಗದೆ ಹಿಂದಿರುಗುತ್ತದೆ. ಅದು ಹಿಂದಿರುಗಿತೆಂದು ಗೊತ್ತಾಗಬೇಕಾದರೆ ಮೊದಲು ಬಂದುದು ನೆನಪಿನಲ್ಲಿ ಉಳಿದಿರಬೇಕು. ಮೊದಲು ಬಂದಾಗಲೋ ಅದು ನೆನಪಿಡುವಂಥದೆಂದು ತೋರಿಸಿಕೊಳ್ಳುವುದೇ ಇಲ್ಲ! ಹೆಸರೇ ಸ್ಮರಣೆ, ಆದರೆ ಸ್ಮರಿಸಲು ಬೇಕಾದುದನ್ನು ಕೇಳುವವನು ತಾನೇ ಸಂಪಾದಿಸಿಕೊಂಡು ಬರಬೇಕು. ಎಂದರೆ, ಈ ಸೊನಾಟಾ ಮೊದಲ ಸಲಕ್ಕೆ ಯಾರಿಗೂ ದಕ್ಕತಕ್ಕದ್ದಲ್ಲ. ಎರಡನೆಯ ಸಲಕ್ಕೆ ಮೊದಲ ಸ್ವರದಲ್ಲಿಯೇ ಎದೆ ಸ್ವಲ್ಪ ಭಾರವಾಗುತ್ತದೆ. ಮುಂದೆ ಏನು ಬರಲಿದೆಯೆಂಬುದನ್ನು ಕಿವಿ ಈಗ ಬಲ್ಲುದು.

ನಮ್ಮ ಸಂಗೀತಸಭೆಗಳಲ್ಲಿ ಈ ತೊಂದರೆ ಇಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತ್ಯಾಗರಾಜರ ಪಂಚರತ್ನವನ್ನು ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿರುವ ಪ್ರೌಢ ಶ್ರೋತೃವನ್ನು ಬೆಂಗಳೂರಿನ ಯಾವ ಸಭಾಂಗಣದಲ್ಲಿಯೂ ಹುಡುಕಿ ತೆಗೆಯಲಾರಿರಿ. ಅಜ್ಜಿಯ ಮಡಿಲಲ್ಲಿ, ಪಕ್ಕದ ಮನೆಯ ಪಾಠದಲ್ಲಿ, ಆಕಾಶವಾಣಿಯ ಬೆಳಗಿನಲ್ಲಿ ಕೇಳಿಯೇ ಬಂದವರು ನಾವು. ವಿದ್ವಾಂಸರು ಬಾಯಿ ತೆರೆಯುವ ಮೊದಲೇ ಕೃತಿ ನಮ್ಮೊಳಗೆ ಅರ್ಧ ಹಾಡಿ ಮುಗಿದಿರುತ್ತದೆ. ಪರಿಚಿತವಾದುದನ್ನು ಮತ್ತೆ ಪಡೆಯುವ ಸುಖದ ಮೇಲೆ ನಿಂತ ರಸಿಕತೆ ನಮ್ಮದು. ಪಶ್ಚಿಮದ ಹೊಸ ವಾಗ್ಗೇಯಕಾರನ ಸ್ಥಿತಿ ಇದಕ್ಕೆ ತದ್ವಿರುದ್ಧವಾದದ್ದು: ಒಂದು ಸಂಜೆ, ಒಂದು ಸಭೆ, ಒಂದು ವಿಮರ್ಶೆ, ಗೆದ್ದರೆ ಇನ್ನೊಂದು ಸಂಜೆ ಸಿಕ್ಕೀತು, ಇಲ್ಲದಿದ್ದರೆ ಹಸ್ತಪ್ರತಿಯು ಕಪಾಟು ಸೇರಿತು.

ಇಂಥ ಕಪಾಟುಗಳು ರಷ್ಯಾದಲ್ಲಿ ಬಹಳ. ಚೈಕೋವ್‌ಸ್ಕಿಯ ಪಟ್ಟಶಿಷ್ಯನಾದ ಸೆರ್ಗೆಯ್ ತನೇಯೆವ್, ಗುರುವಿನ ಮೊದಲ ಪಿಯಾನೋ ಕಾಂಚೆರ್ಟೋವನ್ನು ಮಾಸ್ಕೋವಿನಲ್ಲಿ ಮೊದಲು ನುಡಿಸಿದವನು, ರಾಖ್ಮಾನಿನೋವ್, ಸ್ಕ್ರಿಯಾಬಿನ್ ಮೊದಲಾದವರಿಗೆ ವಿದ್ಯೆ ಹೇಳಿದವನು. ಶಿಷ್ಯರು ಬೆಳಕಿಗೆ ಬಂದರು, ಗುರು ಗ್ರಂಥದ ಅಡಿಟಿಪ್ಪಣಿಯಾದನು. 1915ರಲ್ಲಿ ಸ್ಕ್ರಿಯಾಬಿನ್ ಅಕಾಲದಲ್ಲಿ ತೀರಿಕೊಂಡಾಗ ಅವನ ಅಂತ್ಯಕ್ರಿಯೆಗೆ ಹೋಗಿ ಶೀತ ಹಿಡಿಸಿಕೊಂಡ ತನೇಯೆವ್ ಕೆಲವೇ ವಾರಗಳಲ್ಲಿ ತಾನೂ ಹೊರಟುಹೋದನು. ಮರಣದಲ್ಲಿಯೂ ಶಿಷ್ಯನ ಹಿಂದೆ ನಿಂತ ಗುರು. ಅವನ ಪಿಯಾನೋ ಕ್ವಿಂಟೆಟ್ಟನ್ನು ನಾನು ಬಹಳ ಗೌರವಿಸುತ್ತೇನೆ, ಗೌರವದ ಜೊತೆಗೆ ಸ್ವಲ್ಪ ಭಯವೂ ಇದೆ, ಅಷ್ಟು ಪಾಂಡಿತ್ಯ. ಕಲಿನ್ನಿಕೋವನ ವಿಷಯ ಬೇರೆ. ಬಡವ, ಕ್ಷಯರೋಗಿ, ಮೂವತ್ತೈದು ತುಂಬಲು ಎರಡು ದಿನವಿರುವಾಗ 1901ರಲ್ಲಿ ಯಾಲ್ಟಾದಲ್ಲಿ ಕಣ್ಮುಚ್ಚಿದವನು. ಅವನ ಮೊದಲ ಸಿಂಫನಿಯನ್ನು ಒಂದೇ ಸಲ ಕೇಳಿದವನೂ ಗುನುಗುತ್ತ ಮನೆಗೆ ಹೋಗುತ್ತಾನೆ. ಇಷ್ಟು ಸುಲಭವಾಗಿ ಒಲಿಯುವವನು ಏಕೆ ಮರೆಯಾದನೆಂದರೆ, ಒಲಿಸುವ ಆ ಸ್ಥಾನದಲ್ಲಿ ಚೈಕೋವ್‌ಸ್ಕಿ ಆಗಲೇ ಕುಳಿತಿದ್ದನು. ಮ್ಯಾಸ್ಕೋವ್‌ಸ್ಕಿ ಇಪ್ಪತ್ತೇಳು ಸಿಂಫನಿಗಳನ್ನು ಬರೆದನು. ಅವುಗಳ ಪೈಕಿ ಆರನೆಯದೂ ಕೊನೆಯದೂ ನಿಶ್ಚಯವಾಗಿ ಮಹತ್ತ್ವದವು, ಮಧ್ಯದ ಕೆಲವು ಸರ್ಕಾರೀ ಕಡತದಷ್ಟೇ ರಸವತ್ತಾದವು. ಲ್ಯಾದೋವನಾದರೋ ಸೋಮಾರಿಗಳ ಕುಲತಿಲಕ. ಬ್ಯಾಲೆಯೊಂದನ್ನು ಬರೆದುಕೊಡುವಂತೆ ದ್ಯಾಗಿಲೆವ್ ಕೇಳಿದಾಗ ಇವನು ಕಾಲಹರಣ ಮಾಡಿದನೆಂದೂ, ಆ ಕೆಲಸ ಸ್ತ್ರವಿನ್‌ಸ್ಕಿಯೆಂಬ ಹುಡುಗನ ಪಾಲಾಗಿ 1910ರಲ್ಲಿ ಅಗ್ನಿಪಕ್ಷಿಯು ಹಾರಿತೆಂದೂ ಪ್ರತೀತಿ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಮೆಟ್ನರನ ಬಳಿ. ಅದಕ್ಕೆ ಅವನ ಸಂಗೀತವಷ್ಟೇ ಕಾರಣವಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಆ ತಟ್ಟೆಯ ವಿಷಯವನ್ನು ಕುಕ್ ಟೌನಿನ ಪಿಯಾನೋ ಮಿಸ್ಸೊಬ್ಬರ ಎದುರಿಗೆ ನಾನು ಎತ್ತಿದಾಗ, ಮಕ್ಕಳ ಬೆರಳ ಗೆಣ್ಣುಗಳ ಮೇಲೆ ಪೆನ್ಸಿಲಿನಿಂದ ತಟ್ಟುತ್ತಲೇ ಅವರು ಹೇಳಿದ ಮಾತು ಇದು: "ನಿಮ್ಮ ಮಹಾರಾಜರನ್ನ ಕೇಳಬೇಕಿತ್ತು ಮಿಸ್ಟರ್. ಆ ಮನುಷ್ಯನಿಗೆ ಕೊನೆಗಾಲದಲ್ಲಿ ಅನ್ನ ಹಾಕಿದ್ದು ಮೈಸೂರು."

ಮಾತು ಅಕ್ಷರಶಃ ನಿಜ. ಮೆಟ್ನರ್ 1880ರಲ್ಲಿ ಮಾಸ್ಕೋವಿನಲ್ಲಿ ಜನಿಸಿದವನು, ಪೂರ್ವಿಕರು ಜರ್ಮನರು. ತನೇಯೆವನು ಈ ಹುಡುಗನು ಸೊನಾಟಾ ರೂಪವನ್ನು ಹುಟ್ಟಿನಿಂದಲೇ ಪಡೆದು ಬಂದವನೆಂದು ಹೇಳಿದನಂತೆ. ಹದಿನಾಲ್ಕು ಸೊನಾಟಾಗಳು, ಕಾಲ್ಪನಿಕ ಕಥೆಗಳೆಂದು ಅವನು ಕರೆದ ಮೂವತ್ತೆಂಟು ಸಣ್ಣ ರಚನೆಗಳು, ನೂರಕ್ಕೂ ಮಿಕ್ಕ ಗೀತೆಗಳು, ಮೂರು ಕಾಂಚೆರ್ಟೋಗಳು: ಬಹುಪಾಲು ಎಲ್ಲವೂ ಪಿಯಾನೋವನ್ನು ಸುತ್ತಿಕೊಂಡವು. ಕ್ರಾಂತಿಯ ಬಳಿಕ 1921ರಲ್ಲಿ ದೇಶವನ್ನು ತೊರೆದು ಜರ್ಮನಿ, ಫ್ರಾನ್ಸುಗಳಲ್ಲಿ ಅಲೆದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದನು. ಅವನ ಮೇಲೆ ನೆರಳು ಬೀಳಿಸಿದವನು ಶತ್ರುವಲ್ಲ, ಪ್ರಾಣಮಿತ್ರನಾದ ರಾಖ್ಮಾನಿನೋವ್. ಅಮೆರಿಕದ ಸಂಚಾರವನ್ನು ಗೊತ್ತುಮಾಡಿಕೊಟ್ಟವನು ಅವನೇ; ಪುಸ್ತಕವನ್ನು ಅಚ್ಚುಹಾಕಿಸಿದವನೂ ಅವನೇ; ತನ್ನ ನಾಲ್ಕನೆಯ ಕಾಂಚೆರ್ಟೋವನ್ನು ಮೆಟ್ನರನಿಗೂ, ಮೆಟ್ನರನು ತನ್ನ ಎರಡನೆಯದನ್ನು ಅವನಿಗೂ ಪರಸ್ಪರ ಅಂಕಿತಮಾಡಿಕೊಂಡರು. ತಮ್ಮ ಕಾಲದ ವಾಗ್ಗೇಯಕಾರರಲ್ಲಿ ನೀನೇ ಶ್ರೇಷ್ಠನೆಂಬ ಅರ್ಥದಲ್ಲಿ ರಾಖ್ಮಾನಿನೋವ್ ಅವನಿಗೆ ಪತ್ರ ಬರೆದದ್ದೂ ಉಂಟು. ಇಷ್ಟು ದೊಡ್ಡ ಬಾಯಿಂದ ಇಷ್ಟು ದೊಡ್ಡ ಮಾತು ಬಂದರೂ ಜನ ರಾಖ್ಮಾನಿನೋವನನ್ನೇ ಕೇಳಲು ಹೋದರು! ಮೆಟ್ನರನ ಸ್ವಭಾವವೂ ಸ್ವಲ್ಪ ಗಡುಸು. ರಾಖ್ಮಾನಿನೋವ್ ಅಚ್ಚುಹಾಕಿಸಿದ ಆ 1935ರ ಪುಸ್ತಕವನ್ನು ಅವನು ಬರೆದದ್ದೇ ತನ್ನ ಕಾಲದ ನವ್ಯರೆಲ್ಲರನ್ನೂ ಖಂಡಿಸಿ. ಸಂಗೀತದ ನಿತ್ಯನಿಯಮಗಳನ್ನು ಬಿಟ್ಟವರಿಗೆ ಅದರಲ್ಲಿ ಕ್ಷಮೆಯಿಲ್ಲ. ಹೊಸಬರು ಅವನನ್ನು ಹಳಬನೆಂದರು, ಹಳಬರಿಗೆ ರಾಖ್ಮಾನಿನೋವ್ ಸಾಕಾಗಿದ್ದನು.

ಯುದ್ಧ ಬಂದಿತು. ಅವನ ಪ್ರಕಾಶಕರು ಜರ್ಮನಿಯವರಾದುದರಿಂದ ಅಲ್ಲಿಂದ ಬರುತ್ತಿದ್ದ ಅಲ್ಪಸ್ವಲ್ಪ ಹಣವೂ ನಿಂತಿತು. ಲಂಡನ್ನಿನ ಮೇಲೆ ಬಾಂಬು ಸುರಿಯತೊಡಗಿದಾಗ ಶಿಷ್ಯೆ ಈಡ್ನಾ ಐಲ್ಸಳ ಕುಟುಂಬವು ವಾರಿಕ್‌ಷೈರಿನ ಹಳ್ಳಿಯಲ್ಲಿ ಆಶ್ರಯ ಕೊಟ್ಟಿತು. ಹೃದಯರೋಗ ತಗುಲಿತು. ಆ ಹಳ್ಳಿಯಲ್ಲಿ ಮೂರನೆಯ ಕಾಂಚೆರ್ಟೋ ಸಿದ್ಧವಾಗಿ, 1944ರ ಫೆಬ್ರವರಿಯಲ್ಲಿ ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಅವನೇ ಅದನ್ನು ನುಡಿಸಿದನು. ಲೆರ್ಮೊಂತೊವನ ಜಲಕನ್ಯೆಯ ಕವಿತೆಯ ಛಾಯೆ ಅದರ ಮೇಲಿದೆ.

ಅತ್ತ ಹೀಗಿರುವಾಗ ಇತ್ತ ನಮ್ಮ ಸೀಮೆಯಲ್ಲಿ ಏನಾಗುತ್ತಿದ್ದಿತೆಂಬುದನ್ನು ನೋಡಿದರೆ ವಿಮಾನಪುರದವನಿಗೆ ಒಂದು ಬಗೆಯ ಹೆಮ್ಮೆಯಾಗದಿರದು. 1940ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಿವಂಗತರಾದರು. ಸೆಪ್ಟೆಂಬರಿನಲ್ಲಿ ಅವರ ತಮ್ಮನ ಮಗ ಜಯಚಾಮರಾಜ ಒಡೆಯರು ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಪಟ್ಟವೇರಿದರು. ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಕೂಡಿ, ಮೈಸೂರು ಕೊಟ್ಟ ಭೂಮಿಯಲ್ಲಿ ನಮ್ಮ ವಿಮಾನ ಕಾರ್ಖಾನೆಯನ್ನು ಹುಟ್ಟುಹಾಕಿದರು. ಮೆಟ್ನರ್ ವಾರಿಕ್‌ಷೈರಿನಲ್ಲಿ ಮೂರನೆಯ ಕಾಂಚೆರ್ಟೋವನ್ನು ತಿದ್ದುತ್ತಿದ್ದ 1943ರಲ್ಲಿ ಇಲ್ಲಿ ಅಮೆರಿಕದ ವಾಯುಪಡೆಯವರು ಕಾರ್ಖಾನೆಯ ಆಡಳಿತವನ್ನು ವಹಿಸಿಕೊಂಡು ಯುದ್ಧವಿಮಾನಗಳನ್ನು ರಿಪೇರಿ ಮಾಡುತ್ತಿದ್ದರು. ಒಂದೇ ಸಿಂಹಾಸನದ ಬೊಕ್ಕಸವು ಒಂದು ಕೈಯಿಂದ ಎಂಜಿನ್ನಿನ ಸದ್ದಿಗೂ ಇನ್ನೊಂದು ಕೈಯಿಂದ ಪಿಯಾನೋದ ನಾದಕ್ಕೂ ಹಣ ಕೊಡುವ ಕಾಲ ಸಮೀಪಿಸುತ್ತಿದ್ದಿತು.

ಜಯಚಾಮರಾಜರು ಯೌವನದಲ್ಲಿ ಪಿಯಾನೋ ವಾದಕರಾಗಲು ಹಂಬಲಿಸಿದ್ದವರು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. 1945ರಲ್ಲಿ ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಆದರು. ಪಟ್ಟವು ವಾದನವನ್ನು ಕಿತ್ತುಕೊಂಡಿತು, ಶ್ರವಣವನ್ನು ಕಿತ್ತುಕೊಳ್ಳಲಾಗಲಿಲ್ಲ. ಸಾವಿರಾರು ಗ್ರಾಮಫೋನ್ ತಟ್ಟೆಗಳ ಭಂಡಾರ ಅರಮನೆಯಲ್ಲಿ ಬೆಳೆಯಿತು. ಮೈಸೂರಿಗೆ ಬಂದ ಎಚ್.ಎಂ.ವಿ. ಬಳಗದ ವಾಲ್ಟರ್ ಲೆಗ್ ಅದನ್ನು ಕಂಡು ಬೆರಗಾಗಿ ಹೋದನು. ಲೆಗ್ ಕಟ್ಟಿದ ಫಿಲ್ಹಾರ್ಮೋನಿಯಾ ವಾದ್ಯವೃಂದಕ್ಕೆ ಮಹಾರಾಜರು ಉದಾರವಾಗಿ ಧನವಿತ್ತರು. 1948ರಲ್ಲಿ ಫಿಲ್ಹಾರ್ಮೋನಿಯಾ ಸಂಗೀತಸಭೆಯ ಮೊದಲ ಅಧ್ಯಕ್ಷರಾದರು. ಇದಕ್ಕೆಲ್ಲ ಮೇಲಾಗಿ, ಲಂಡನ್ನಿನ ಸಭಿಕರೇ ಕೈಬಿಟ್ಟಿದ್ದ ಮೆಟ್ನರನ ಹೆಸರಿನಲ್ಲಿ ಒಂದು ಸಂಘವನ್ನು ಸ್ಥಾಪಿಸಿ, ಅವನ ಕೃತಿಗಳನ್ನು ಸಾಧ್ಯವಾದ ಮಟ್ಟಿಗೆ ಅವನ ಕೈಯಿಂದಲೇ ನುಡಿಸಿ ಮುದ್ರಿಸುವ ವೆಚ್ಚವನ್ನು ವಹಿಸಿಕೊಂಡರು.

ಅರುವತ್ತೇಳರ ರೋಗಿಷ್ಠ ವೃದ್ಧನು 1947ರಲ್ಲಿ ಧ್ವನಿಮುದ್ರಣಾಲಯಕ್ಕೆ ಬಂದು ಕುಳಿತು ಮೂರೂ ಕಾಂಚೆರ್ಟೋಗಳನ್ನು ಫಿಲ್ಹಾರ್ಮೋನಿಯಾದೊಡನೆ ನುಡಿಸಿದನು. ಆ ಕಾಲದ ತಟ್ಟೆಯ ಒಂದು ಬದಿಗೆ ಹಿಡಿಸುವುದು ಸುಮಾರು ನಾಲ್ಕು ನಿಮಿಷದ ಸಂಗೀತ. ಅರ್ಧ ಗಂಟೆಗೂ ಮೀರಿದ ಕಾಂಚೆರ್ಟೋವನ್ನು ತುಂಡುತುಂಡಾಗಿ ನುಡಿಸಬೇಕು. ಒಂದು ತುಂಡಿನಲ್ಲಿ ಬೆರಳು ತಪ್ಪಿದರೆ ಆ ನಾಲ್ಕು ನಿಮಿಷವನ್ನು ಮೊದಲಿನಿಂದ ನುಡಿಸಬೇಕು. ನಿಂತಲ್ಲಿಂದ ಮತ್ತೆ ಅದೇ ವೇಗ, ಅದೇ ಆವೇಶದಲ್ಲಿ ಮುಂದುವರಿಯಬೇಕು. ಆ ಮುದ್ರಣಗಳು ಇಂದೂ ದೊರೆಯುತ್ತವೆ. ಮೂರನೆಯ ಕಾಂಚೆರ್ಟೋದಲ್ಲಿ ಅಲ್ಲಲ್ಲಿ ಸ್ವರ ಜಾರುತ್ತದೆ, ಎಡಗೈ ಆಗಾಗ ದಣಿದಂತೆ ಕೇಳಿಸುತ್ತದೆ. ಆದರೆ ಒಂದೊಂದು ವಾಕ್ಯವೂ ಎಲ್ಲಿಗೆ ಹೋಗಿ ಮುಟ್ಟಬೇಕೆಂಬುದು ರಚಿಸಿದವನಿಗೆ ಗೊತ್ತಿರುವಷ್ಟು ಆಮೇಲಿನ ಯಾವ ಪ್ರಚಂಡ ವಾದಕನಿಗೂ ಗೊತ್ತಿಲ್ಲವೆಂಬುದು ನನ್ನ ನಂಬಿಕೆ. ಗೀತೆಗಳಿಗೆ ಸ್ಲೊಬೊಡ್‌ಸ್ಕಾಯ, ಶ್ವಾರ್ಟ್ಸ್‌ಕಾಫ್ ಕಂಠವನ್ನು ಕೊಟ್ಟರು. ಯೌವನದಲ್ಲಿ ತೊಡಗಿ ಜೀವಮಾನವೆಲ್ಲ ಕೈಬಿಡದೆ ಹೊತ್ತು ತಿರುಗಿದ ಪಿಯಾನೋ ಕ್ವಿಂಟೆಟ್ಟನ್ನು ಮೆಟ್ನರ್ ಈ ಕೊನೆಯ ವರ್ಷಗಳಲ್ಲಿಯೇ ಮುಗಿಸಿ, ಅದನ್ನೂ ಮುದ್ರಿಸಿದನು. ಮೂರನೆಯ ಕಾಂಚೆರ್ಟೋದ ಅಂಕಿತಪುಟದಲ್ಲಿ ಮೈಸೂರಿನ ಮಹಾರಾಜರ ಹೆಸರು ನಿಂತಿತು. 1951ರ ನವೆಂಬರಿನಲ್ಲಿ ಅವನು ತೀರಿಕೊಂಡನು.

ಈ ತಟ್ಟೆಗಳು ಯಾವ ದ್ರವ್ಯದಿಂದಾದವು ಎಂಬುದನ್ನೂ ಹೇಳಬೇಕು. ಅವು ಅರಗಿನವು, ಆ ಅರಗು ಬಹುಮಟ್ಟಿಗೆ ನಮ್ಮ ದೇಶದ ಕಾಡುಗಳಲ್ಲಿ, ಮುತ್ತುಗ ಜಾಲಾರಿ ಮರಗಳ ರೆಂಬೆಗಳ ಮೇಲೆ ಸಣ್ಣ ಕೀಟವೊಂದು ಸುರಿಸಿದ ಅಂಟು. ಕೌರವರು ಒಮ್ಮೆ ಅದರಿಂದ ಮನೆ ಕಟ್ಟಿ ಪಾಂಡವರನ್ನು ಸುಡಹೊರಟರು. ಜಗತ್ತಿನ ಸಂಗೀತವು ಸುಮಾರು ಅರ್ಧ ಶತಮಾನ ಅದೇ ವಸ್ತುವಿನೊಳಗೆ ಕ್ಷೇಮವಾಗಿ ವಾಸಿಸಿತು. ಲಂಡನ್ನಿನಲ್ಲಿ ನುಡಿದ ರಷ್ಯದವನ ಸ್ವರ, ಭಾರತದ ಅರಗು, ಮೈಸೂರಿನ ದುಡ್ಡು!

ರಾಜನೊಬ್ಬನು ತನಗೆ ಪ್ರಿಯನಾದ ಕಲಾವಿದನಿಗೆ ಹಣ ಕೊಟ್ಟನೆಂಬುದರಲ್ಲಿ ಏನು ವಿಶೇಷ, ಒಡೆಯರ ಆಸ್ಥಾನದಲ್ಲಿ ಅದು ದಿನಚರಿಯಲ್ಲವೆ ಎಂದು ಕೇಳುವವರಿರಬಹುದು. ವಿಶೇಷವಿರುವುದು ಕೊಟ್ಟ ವಸ್ತುವಿನಲ್ಲಿ. ಶಾಲು, ಖಿಲ್ಲತ್ತು, ತೋಡಾಗಳನ್ನು ಮಾತ್ರ ಕೊಟ್ಟಿದ್ದರೆ ಅವು ಮೆಟ್ನರನಿಗೆ ಮುಟ್ಟಿ ಅವನೊಡನೆ ಮುಗಿಯುತ್ತಿದ್ದವು. ಮಹಾರಾಜರು ಕೊಟ್ಟದ್ದು, ಯಾವನನ್ನು ಎರಡನೆಯ ಸಲ ಕೇಳದ ಹೊರತು ತಿಳಿಯಲಾಗುವುದಿಲ್ಲವೋ ಅಂಥವನನ್ನು ಎರಡನೆಯ ಸಲ, ಹತ್ತನೆಯ ಸಲ ಕೇಳುವ ಉಪಾಯವನ್ನು. ಸ್ವತಃ ಅವರಿಗೂ ಅವನು ಒಲಿದದ್ದು ಹಾಗೆಯೇ ಇರಬೇಕು. ಲಂಡನ್ನಿನ ಸಭೆಗಳಿಂದ ಸಾವಿರಾರು ಮೈಲಿ ದೂರದಲ್ಲಿ ಇದ್ದವರಿಗೆ ನಿನ್ನೆಯ ವಿಮರ್ಶೆಯ ಹಂಗಿಲ್ಲ. ಯಾರು ಮುಂದಿನ ಸಾಲಿನವರು, ಯಾರು ಹಿಂದಿನ ಸಾಲಿನವರು ಎಂದು ಪಕ್ಕದ ಕುರ್ಚಿಯವರು ಪಿಸುಗುಟ್ಟುವುದಿಲ್ಲ. ತಟ್ಟೆ ಮುಗಿದರೆ ಮುಳ್ಳನ್ನೆತ್ತಿ ಮತ್ತೆ ಅಂಚಿಗೆ ಇಡುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.

ಕನ್ನಡ ನಾಡಿನಲ್ಲಿ ಇದಕ್ಕೆ ಬಹು ಹಿಂದೆಯೇ ಒಂದು ಮೇಲ್ಪಂಕ್ತಿ ಇದೆಯೆಂದು ನನಗೆ ಅನ್ನಿಸುತ್ತದೆ. ಪಂಪನ ನೆರಳಿನಲ್ಲಿ ನಿಂತ ಪೊನ್ನನನ್ನು ನೆನೆಯಿರಿ. ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಉಭಯಕವಿಚಕ್ರವರ್ತಿಯೆನಿಸಿಕೊಂಡವನು. ಆದರೂ ಅವನ ಭುವನೈಕರಾಮಾಭ್ಯುದಯ ನಮಗೆ ಉಳಿದು ಬರಲಿಲ್ಲ. ಶಾಂತಿಪುರಾಣವು ಉಳಿಯಿತು, ದಾನಚಿಂತಾಮಣಿ ಅತ್ತಿಮಬ್ಬೆಯು ಅದನ್ನು ಓಲೆಗರಿಯ ಮೇಲೆ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಹತ್ತನೆಯ ಶತಮಾನದಲ್ಲಿ ಸಾವಿರ ಪ್ರತಿ! ಎಷ್ಟು ಲಿಪಿಕಾರರ ಬೆನ್ನು ಬಾಗಿರಬೇಕು, ಎಷ್ಟು ಕಂಟಗಳು ಸವೆದಿರಬೇಕು. ಆ ಸಾಧ್ವಿ ಪಂಪನಿಗಿಂತ ಪೊನ್ನನೇ ದೊಡ್ಡವನೆಂದು ವಾದಿಸಲು ಹೋಗಲಿಲ್ಲ. ಓದುವವನ ಕೈಗೆ ಓಲೆಯನ್ನು ಕೊಟ್ಟು ಸುಮ್ಮನಾದಳು. ಇಷ್ಟಾಗಿಯೂ ಪೊನ್ನನು ಇಂದಿಗೂ ಪಂಪನ ಬಳಿಕದವನೇ, ಅದರಲ್ಲಿ ಅನ್ಯಾಯವೂ ಇಲ್ಲ. ಮೆಟ್ನರನೂ ರಾಖ್ಮಾನಿನೋವನ ಸಿಂಹಾಸನವನ್ನು ಏರಲಾರನು, ಏರಬೇಕಾಗಿಯೂ ಇಲ್ಲ. ಎರಡನೆಯ ಸ್ಥಾನದಲ್ಲಿರುವುದಕ್ಕೂ ಇಲ್ಲವಾಗಿಯೇ ಹೋಗುವುದಕ್ಕೂ ನಡುವೆ ಇರುವ ಅಂತರವನ್ನು ಆ ಸಾವಿರ ಓಲೆಕಟ್ಟುಗಳು ಕಾದುವು.

ಮಹಾರಾಜರ ಅಭಿರುಚಿಗೆ ಪಕ್ಷಪಾತದ ಸೋಂಕು ಇರಲಿಲ್ಲವೆಂಬುದಕ್ಕೆ ಒಂದು ನಿದರ್ಶನವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಮೆಟ್ನರನು ಸಹಿಸದ ನವ್ಯರ ಸಾಲಿನಲ್ಲಿ ರಿಚರ್ಡ್ ಸ್ಟ್ರಾಸನೂ ಒಬ್ಬ. ಆ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳನ್ನು 1950ರ ಮೇ 22ರಂದು ಲಂಡನ್ನಿನಲ್ಲಿ ಫ್ಲಾಗ್‌ಸ್ಟಾಡ್ ಮೊದಲ ಸಲ ಹಾಡಿದಾಗ, ಫುರ್ಟ್‌ವೆಂಗ್ಲರ್ ನಡೆಸಿದ ಆ ಕಚೇರಿಗೆ ಹಣದ ಜಾಮೀನು ನಿಂತವರೂ ನಮ್ಮ ಮಹಾರಾಜರೇ. ಕಚೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಿಕೊಡಬೇಕೆಂಬುದು ಅವರ ಕೋರಿಕೆಯಾಗಿತ್ತು. ಬೇಟೆಗೋ ಕುದುರೆಗೋ ಹಣ ಸುರಿದ ರಾಜರ ಸಾಲಿನಲ್ಲಿ ಇಂಥ ಖಯಾಲಿಯ ರಾಜನೊಬ್ಬನಿದ್ದನೆಂಬುದು ದಸರೆಯ ಆನೆಗಳನ್ನು ಕಣ್ತುಂಬ ನೋಡುವ ನಮ್ಮ ಜನಕ್ಕೆ ಅಷ್ಟಾಗಿ ತಿಳಿಯದು.

ಮೆಟ್ನರನ ಪತ್ನಿ ಆನ್ನಾ 1958ರಲ್ಲಿ ಹಸ್ತಪ್ರತಿಗಳನ್ನು ಹೊತ್ತು ಮಾಸ್ಕೋವಿಗೆ ಹಿಂದಿರುಗಿದಳು. ಒಂದು ಕಾಲಕ್ಕೆ ಅವನನ್ನು ಮರೆತಿದ್ದ ದೇಶವೇ 1959ರಿಂದ ಅವನ ಸಮಗ್ರ ಕೃತಿಗಳನ್ನು ಹನ್ನೆರಡು ಸಂಪುಟಗಳಲ್ಲಿ ಅಚ್ಚುಮಾಡಿತು. ಗಿಲೆಲ್ಸನಂಥವನೂ ಅವನನ್ನು ಕೈಗೆತ್ತಿಕೊಂಡನು. ಶಿವಾಜಿನಗರದ ಟೈರಿನೊಳಗೆ ನಿಂತಿದ್ದ ಆ ತಟ್ಟೆ ಹೀಗೆ ಮೈಸೂರು, ಲಂಡನ್, ಮಾಸ್ಕೋಗಳನ್ನು ಸುತ್ತಿಕೊಂಡ ಒಂದು ಕಥೆಯ ಬಾಲವನ್ನು ಹಿಡಿದುಕೊಂಡಿದ್ದಿತು.

ಇನ್ನು ಜಯಚಾಮರಾಜರ ವಿಷಯ. ಪಿಯಾನೋವನ್ನು ಅಷ್ಟು ಪ್ರೀತಿಸಿದ ಆ ಅರಸರು ವೀಣೆ ವೆಂಕಟಗಿರಿಯಪ್ಪನವರಲ್ಲಿ ಶಿಷ್ಯರಾಗಿ, ಶ್ರೀವಿದ್ಯಾ ಎಂಬ ಅಂಕಿತದಲ್ಲಿ ತೊಂಬತ್ತನಾಲ್ಕು ಸಂಸ್ಕೃತ ಕೃತಿಗಳನ್ನು ಕರ್ನಾಟಕ ಪದ್ಧತಿಯಲ್ಲಿ ರಚಿಸಿದರು. ಅವುಗಳ ಪೈಕಿ ಹಲವು ಅಪರೂಪದ ರಾಗಗಳಲ್ಲಿವೆ. ಅಠಾಣದ ಗಣಪತಿಯ ಕೃತಿಯೊಂದನ್ನು ಬಿಟ್ಟರೆ ಉಳಿದವು ವೇದಿಕೆಯ ಮೇಲೆ ಅಪೂರ್ವ. ತ್ರಿಮೂರ್ತಿಗಳ ಬೃಹದ್ವೃಕ್ಷದ ಕೆಳಗೆ ಇನ್ನಾರಿಗೆ ತಾನೆ ಬಿಸಿಲು ದೊರಕೀತು? ಮೆಟ್ನರನಿಗೆ ಮಹಾರಾಜರು ದೊರಕಿದರು, ಮಹಾರಾಜರಿಗೆ ಯಾರು ದೊರಕಬೇಕೋ ಅವರು ಇನ್ನೂ ಸಾಕಷ್ಟು ಸಂಖ್ಯೆಯಲ್ಲಿ ದೊರಕಿಲ್ಲ. ಈ ಕೃತಿಗಳೂ, ನಾನು ಬಲ್ಲಮಟ್ಟಿಗೆ, ಮೊದಲ ಶ್ರವಣಕ್ಕೆ ಸ್ವಲ್ಪ ಬಿಗುಮಾನದವು. ಮಂತ್ರಶಾಸ್ತ್ರದ ಪದಗಳು ಸಂಧಿಸಮಾಸಗಳಲ್ಲಿ ಬಿಗಿದುಕೊಂಡು ಬರುತ್ತವೆ, ರಾಗದ ಪರಿಚಯವಾಗುವುದರೊಳಗೆ ಚರಣವೇ ಮುಗಿದುಹೋಗಿರುತ್ತದೆ.

ಇಂದಿರಾನಗರದ ಕಡೆ ರಾಮನವಮಿಯ ಕಚೇರಿಗಳಿಗೆ ನಾನು ತಪ್ಪದೆ ಹೋಗುವವನು. ತನಿ ಆವರ್ತನ ಮುಗಿದು ಲಘುಗೀತಗಳ ಹೊತ್ತಿಗೆ ಶ್ರೋತೃಗಳು ವೇದಿಕೆಗೆ ಚೀಟಿ ಕಳುಹಿಸುವ ವಾಡಿಕೆಯುಂಟಷ್ಟೆ; ಒಡೆಯರ ಕೃತಿಯೊಂದನ್ನು ಬಯಸಿ ನಾನೂ ಒಂದು ಚೀಟಿಯನ್ನು ಮುಂದಿನ ಸಾಲಿನ ಹುಡುಗನ ಕೈಯಲ್ಲಿ ಕಳುಹಿಸಿದೆ. ವಿದ್ವಾಂಸರು ಅದನ್ನು ಬಿಡಿಸಿ ಓದಿ, ಪಿಟೀಲಿನವರಿಗೆ ತೋರಿಸಿ, ಇಬ್ಬರೂ ಸೌಜನ್ಯದಿಂದ ನಕ್ಕರು. ಆಮೇಲೆ ಎಲ್ಲರೂ ಬಲ್ಲ ಒಂದು ದೇವರನಾಮವನ್ನು ಸೊಗಸಾಗಿ ಹಾಡಿದರು. ಮಂಗಳವಾದ ಬಳಿಕ ಹಿಂಬದಿಯಲ್ಲಿ ಕಂಡಾಗ, "ಪಾಠಾಂತರ ಮಾಡ್ಕೋಬೇಕು ಸ್ವಾಮಿ, ಮುಂದಿನ ವರ್ಷ ನೋಡೋಣ" ಎಂದರು. ಈ ವರ್ಷದ ಚೀಟಿಯನ್ನು ಈಗಲೇ ಬರೆದಿಟ್ಟಿದ್ದೇನೆ. ಕಳೆದ ಸಲ ರಾಗದ ಹೆಸರನ್ನು ಮಾತ್ರ ಬರೆದಿದ್ದೆ. ಈ ಸಲ ಪಲ್ಲವಿಯ ಸ್ವರಪ್ರಸ್ತಾರವನ್ನೂ ಬೆನ್ನಿಗೆ ಬರೆದು, ಕಚೇರಿಗೆ ಹದಿನೈದು ದಿನ ಮೊದಲೇ ಅವರ ಮನೆಗೆ ಮುಟ್ಟಿಸುವ ಏರ್ಪಾಡು ಮಾಡಿದ್ದೇನೆ.